ಗೋಣಿಚೀಲದಲ್ಲಿ ಹೊಳೆ ದಾಟಿದ ಕುರಿಗಳು

ನಮ್ಮ ಕಡೆ ಹೊಳೆ ಬರುವುದು ಬಿಸಿಲಿನಲ್ಲಿ. ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ರಾಯಚೂರಿನಲ್ಲಿ ಹನಿ ಬಿದ್ದಿರುವುದಿಲ್ಲ. ತೊಗರಿ ಬಿತ್ತಿದವರು ಮುಗಿಲು ನೋಡುತ್ತ ಕೂತಿರುತ್ತಾರೆ. ಅದೇ ಹೊತ್ತಿಗೆ ಎಲ್ಲೋ ದೂರದ ಘಟ್ಟಗಳಲ್ಲಿ ಸುರಿದ ಮಳೆ ಮೇಲಿನ ಅಣೆಕಟ್ಟುಗಳನ್ನು ತುಂಬಿಸಿ, ಗೇಟು ಎತ್ತಿಸಿ, ಕೃಷ್ಣೆಯಲ್ಲಿ ನಮ್ಮ ಕಡೆ ಹೊರಟಿರುತ್ತದೆ. ಮೋಡದ ಚೂರೂ ಇಲ್ಲದ ದಿನ ದೇವದುರ್ಗ ತಾಲೂಕಿನ ದಂಡೆಯ ಊರುಗಳಿಗೆ ಹೋಗಿ, ನಾಳೆ ನಿಮ್ಮ ಮನೆಗೆ ನೀರು ಬರುತ್ತದೆ, ಗಂಟುಮೂಟೆ ಕಟ್ಟಿಕೊಂಡು ಏಳಿ ಎಂದು ಹೇಳುವುದು ನನ್ನ ಕೆಲಸ.

ಜಿಲ್ಲೆಯ ವಿಪತ್ತು ನಿರ್ವಹಣಾ ವಿಭಾಗಕ್ಕೆ ನಾನು ಸೇರಿ ಹಲವು ವರ್ಷಗಳಾದವು. ಹುಟ್ಟಿದ್ದು ಮಾನ್ವಿ ತಾಲೂಕಿನ ಬಾಗಲವಾಡದಲ್ಲಿ, ಈಗ ಸಂಸಾರ ರಾಯಚೂರಿನಲ್ಲಿ. ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ನನ್ನ ಅವ್ವ, "ಹೊಳಿ ಬಂದ್ರ ಓಡಿ ಹೋಗ್ತಾಳ" ಎನ್ನುತ್ತಿದ್ದಳು. ಹೊಳೆಯ ಕಡೆಗೆ ಓಡುತ್ತಾಳೋ, ಹೊಳೆಯಿಂದ ಓಡುತ್ತಾಳೋ ಕೇಳಿದವರಿಗೆ ತಿಳಿಯುತ್ತಿರಲಿಲ್ಲ. ಅವ್ವ ಅದನ್ನು ಬಿಡಿಸಿ ಹೇಳುತ್ತಲೂ ಇರಲಿಲ್ಲ.

ನಾನು ಹೇಳಬೇಕೆಂದಿರುವುದು ಒಬ್ಬ ಕುರಿಗಾರ ಹೆಂಗಸಿನ ಸಂಗತಿ. ಆಕೆಯ ಜೊತೆ ಕಳೆದ ಒಂದು ಹಗಲು, ಆಮೇಲಿನ ಒಂದು ವರ್ಷ, ನನ್ನ ಕೆಲಸವನ್ನು ನಾನು ಮಾಡುವ ರೀತಿಯನ್ನೇ ತಿರುಗಿಸಿತು.

ಆ ವರ್ಷ ಗೇಟು ಎತ್ತುವ ಸುದ್ದಿ ಬಂದ ಕೂಡಲೇ ದಂಡೆಯ ಊರುಗಳಲ್ಲೆಲ್ಲ ಡಂಗುರ ಸಾರಿಸಿದ್ದೆವು. ಗುಡಿಯ ಮೈಕಿನಲ್ಲೂ ಮಸೀದಿಯ ಮೈಕಿನಲ್ಲೂ ಹೇಳಿಸಿದ್ದೆವು. ಮರುದಿನ ಬೆಳಿಗ್ಗೆ ನಾನು ದೇವದುರ್ಗದ ತಹಶೀಲ್ದಾರರ ಕಚೇರಿಯಲ್ಲಿದ್ದೆ. ಆಗ ಒಂದು ಊರಿನ ಗ್ರಾಮ ಲೆಕ್ಕಾಧಿಕಾರಿ ಫೋನು ಮಾಡಿದರು. ತಗ್ಗಿನ ಓಣಿಯ ಮನೆಗಳೆಲ್ಲ ಖಾಲಿಯಾಗಿವೆ, ಮಂದಿ ಶಾಲೆಗೆ ಬಂದು ಸೇರಿದ್ದಾರೆ, ಆದರೆ ನಡುಗಡ್ಡೆಯಲ್ಲಿ ಒಂದು ಕುರಿಗಾರರ ಕುಟುಂಬ ಉಳಿದುಬಿಟ್ಟಿದೆ ಎಂದರು.

ನಡುಗಡ್ಡೆ ಅಂದರೆ ಹೊಳೆಯ ಮಧ್ಯದ ಎತ್ತರದ ನೆಲ. ಬೇಸಿಗೆಯಲ್ಲಿ ಅದರ ಈಚೆಯ ಕವಲು ಮೊಣಕಾಲು ಮಟ್ಟದ ನೀರು. ಊರಿನ ಸುತ್ತ ಹುಲ್ಲೆಲ್ಲ ಸುಟ್ಟುಹೋದಾಗಲೂ ಅಲ್ಲಿ ಹಸಿರು ಉಳಿದಿರುತ್ತದೆ. ಅದಕ್ಕೇ ಕುರಿಗಾರರು ಹಿಂಡನ್ನು ಆಚೆ ಹೊಡೆದುಕೊಂಡು ಹೋಗಿ, ಜಾಲಿಮುಳ್ಳಿನ ಬೇಲಿ ಹಾಕಿ, ಗುಡಿಸಲು ಕಟ್ಟಿಕೊಂಡು ವಾರಗಟ್ಟಲೆ ಅಲ್ಲೇ ಇರುತ್ತಾರೆ. ಈ ಕುಟುಂಬಕ್ಕೂ ಹಿಂದಿನ ಸಂಜೆ ಸುದ್ದಿ ಮುಟ್ಟಿತ್ತು. ಸಣ್ಣ ಮರಿಗಳಿವೆ, ಬೆಳಕು ಹರಿದ ಮೇಲೆ ದಾಟಿದರಾಯಿತು ಅಂದುಕೊಂಡಿದ್ದರು. ಬೆಳಕು ಹರಿಯುವಷ್ಟರಲ್ಲಿ ಈಚೆಯ ಕವಲು ಆಳವಾಗಿತ್ತು.

ನಾನು ದಂಡೆ ಮುಟ್ಟಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಹೊಳೆ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿ, ಮುಳ್ಳುಕಂಟಿ, ಬೇರುಸಮೇತ ಗಿಡ, ಯಾರದೋ ಮನೆಯ ಜಂತಿ ಎಲ್ಲವನ್ನೂ ಹೊತ್ತುಕೊಂಡು ಹರಿಯುತ್ತಿತ್ತು. ಆಚೆ ನಡುಗಡ್ಡೆಯ ಮೇಲೆ ಮೂರು ಮಂದಿ ನಿಂತಿದ್ದರು: ವಯಸ್ಸಾದ ಒಬ್ಬ ಹೆಂಗಸು, ಆಕೆಯ ಮಗ, ಸೊಸೆ. ಅವರ ಹಿಂದೆ ಹಿಂಡು ಒತ್ತಾಗಿ ನಿಂತು ಒಂದೇ ಸಮನೆ ಕೂಗುತ್ತಿತ್ತು.

ರಾಯಚೂರಿನಿಂದ ಬಂದ ಅಗ್ನಿಶಾಮಕ ದಳದವರು ರಬ್ಬರ್ ದೋಣಿಗೆ ಗಾಳಿ ತುಂಬುತ್ತಿದ್ದರು. ಅವರ ಠಾಣಾಧಿಕಾರಿ ಎತ್ತರದ, ಮಿತಮಾತಿನ ಮನುಷ್ಯ. ಗಡಿಯ ಕಡೆಯವರು, ಕನ್ನಡದಲ್ಲಿ ತೆಲುಗಿನ ರಾಗವಿತ್ತು. ಒಂದು ಸಲ ಹೋಗಿ ಬಂದಾಗಿದೆ ಎಂದರು. ಮುದುಕಿ ದೋಣಿ ಹತ್ತಲಿಲ್ಲವಂತೆ. ಆಕೆ ಹತ್ತದಿದ್ದರೆ ಮಗನೂ ಹತ್ತುವುದಿಲ್ಲ, ಸೊಸೆಯೂ ಹತ್ತುವುದಿಲ್ಲ. ಮೇಲಿನ ಅಣೆಕಟ್ಟಿನಿಂದ ಮಧ್ಯಾಹ್ನ ಇನ್ನಷ್ಟು ನೀರು ಬಿಡುತ್ತಾರೆ ಎಂದು ಕಂಟ್ರೋಲ್ ರೂಮಿನಿಂದ ಆಗಲೇ ತಿಳಿಸಿದ್ದರು. ಆ ನೀರು ನಮ್ಮಲ್ಲಿಗೆ ಮುಟ್ಟುವುದು ಹೊತ್ತು ಮುಳುಗುವ ಸುಮಾರಿಗೆ. ಅಷ್ಟು ಮಾತ್ರ ವೇಳೆ ಇತ್ತು.

ನಾನೂ ಬರುತ್ತೇನೆ ಎಂದೆ. ಅವರಿಗೆ ಇಷ್ಟವಿರಲಿಲ್ಲ. ದೋಣಿ ಸುಮ್ಮನೆ ಭಾರವಾಗುತ್ತದೆ ಎಂದರು. ಹೆಂಗಸಿನ ಜೊತೆ ಹೆಂಗಸು ಮಾತಾಡಿದರೆ ಒಳ್ಳೆಯದು ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿ, ಲೈಫ್ ಜಾಕೆಟ್ ಕೈಗೆ ಕೊಟ್ಟರು. ನೀರಿನ ಮಧ್ಯಕ್ಕೆ ಹೋದಾಗ ದೋಣಿ ಅಡ್ಡ ಜಗ್ಗುತ್ತಿತ್ತು. ನನಗೆ ಈಜು ಬರುತ್ತದೆ, ಆದರೆ ಆ ನೀರಿನಲ್ಲಿ ಅದು ಯಾವ ಲೆಕ್ಕಕ್ಕೂ ಇರಲಿಲ್ಲ. ಹಗ್ಗ ಹಿಡಿದ ಕೈ ಸಡಿಲಿಸದೆ ಕೂತೆ.

ಆ ಹೆಂಗಸಿಗೆ ನನ್ನ ಅವ್ವನ ವಯಸ್ಸು ಇದ್ದೀತು. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ತೋಳಿನಲ್ಲಿ ಒಂದು ಮರಿ ಹಿಡಿದುಕೊಂಡಿದ್ದಳು. ಹೆದರಿದಂತೆ ಕಾಣಲಿಲ್ಲ. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ: ನೀರು ಇನ್ನೂ ಏರುತ್ತದೆ, ಈ ನೆಲ ಉಳಿಯುವುದಿಲ್ಲ, ಮೊದಲು ನೀವು ಬನ್ನಿ. ಆಕೆ ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದಳು.

"ನೀವು ಬರ್ರಿ ಅಂತೀರಿ ಯವ್ವಾ," ಅಂದಳು. "ಎಲ್ಲಿಗಿ ಬರಬೇಕಂತ ಹೇಳ್ರಿ. ನಾ ಒಬ್ಬಾಕೀನ ಇದ್ರ ಸಾಲ್ಯಾಗ ಕುಂದರಬೌದು. ಇವನ್ನೆಲ್ಲ ಎಲ್ಲಿ ಕುಂದರಸಲಿ?"

ಠಾಣಾಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದರು. ಬೇಕಾದರೆ ಪೊಲೀಸರನ್ನು ಕರೆತಂದು ಎತ್ತಿ ಕೂರಿಸಿಕೊಂಡು ಹೋಗಬಹುದು, ಜೀವ ಉಳಿಸುವುದಕ್ಕೆ ಆ ಅಧಿಕಾರ ನಮಗಿದೆ ಎಂದರು. ಅವರು ಹೇಳಿದ್ದು ನಿಜ. ಆದರೆ ಹಾಗೆ ಎತ್ತಿಕೊಂಡು ಹೋದವರು ಮುಂದಿನ ವರ್ಷ ಡಂಗುರದ ಸದ್ದು ಕೇಳಿದರೆ ಅಡಗಿಕೊಳ್ಳುತ್ತಾರೆ. ಬೇರೆ ಊರಿನಲ್ಲಿ ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಕುರಿಗಳನ್ನು ದೋಣಿಯಲ್ಲಿ ಒಯ್ಯಲು ಆಗುವುದಿಲ್ಲವೇ ಎಂದು ಕೇಳಿದೆ. ಅವರು ಕಾಲಿನಿಂದ ದೋಣಿಯ ತಳ ಒತ್ತಿ ತೋರಿಸಿದರು. ಗಾಳಿ ತುಂಬಿದ ರಬ್ಬರು. ಹೆದರಿದ ಕುರಿ ಗೊರಸಿನಿಂದ ಒದ್ದರೆ ಹರಿದೀತು, ಕಾಲು ಕಟ್ಟಿದರೂ ಕೊಸರಾಡದೆ ಇರುವುದಿಲ್ಲ ಎಂದರು.

ನನಗೆ ಬಾಗಲವಾಡದ ಬಸ್ಸು ನೆನಪಾಯಿತು. ನಾನು ಸಣ್ಣವಳಿದ್ದಾಗ ಸಂತೆಗೆ ಹೋಗುವವರು ಆಡಿನ ಮರಿಗಳನ್ನು ಗೋಣಿಚೀಲದಲ್ಲಿ ಇಳಿಸಿ, ತಲೆ ಮಾತ್ರ ಹೊರಗೆ ಬಿಟ್ಟು, ಕೊರಳ ಹತ್ತಿರ ಸಡಿಲವಾಗಿ ಹುರಿ ಕಟ್ಟಿ ಕಾಲಬುಡದಲ್ಲಿ ಇಟ್ಟುಕೊಳ್ಳುತ್ತಿದ್ದರು. ಚೀಲದೊಳಗೆ ಕಾಲು ಮಡಚಿದ ಮೇಲೆ ಮರಿ ಪಿಳಿಪಿಳಿ ನೋಡುತ್ತ ಸುಮ್ಮನೆ ಇರುತ್ತಿತ್ತು. ಇದನ್ನು ಹೇಳಿದೆ. ಠಾಣಾಧಿಕಾರಿ ಯೋಚಿಸಿದರು. ಗೋಣಿಯಾದರೆ ಆದೀತು, ತಳಕ್ಕೂ ಎರಡು ಪದರ ಹಾಸಬೇಕು ಎಂದರು. ಈಗ ಅಂಗಡಿಗಳಲ್ಲೆಲ್ಲ ಪ್ಲಾಸ್ಟಿಕ್ ಚೀಲ. ಗೊರಸಿಗೆ ಅದು ಕ್ಷಣದಲ್ಲಿ ಸೀಳುತ್ತದೆ. ಅಷ್ಟೊಂದು ಗೋಣಿಚೀಲ ದೇವದುರ್ಗದಲ್ಲಿ ಸಿಗುವುದು ಕಷ್ಟವಿತ್ತು.

ನಡುಗಡ್ಡೆಯ ಮೇಲೆ ನಿಂತೇ ನನ್ನ ಸೋದರಮಾವನಿಗೆ ಫೋನು ಮಾಡಿದೆ. ಮಾನ್ವಿಯಲ್ಲಿ ಅವರದು ಅಕ್ಕಿ ಗಿರಣಿ. ಭತ್ತ ತುಂಬಲು ಗೋಣಿಚೀಲದ ರಾಶಿ ಅವರ ಗೋದಾಮಿನಲ್ಲಿ ಯಾವಾಗಲೂ ಇರುತ್ತದೆ. ಅತ್ತೆ ಫೋನು ಎತ್ತಿ, ಮಾವ ಲಿಂಗಪೂಜೆಗೆ ಕೂತಿದ್ದಾರೆ ಎಂದಳು. ಎಬ್ಬಿಸಬೇಕು ಎಂದೆ. ಮಾವನನ್ನು ಪೂಜೆಯಿಂದ ಎಬ್ಬಿಸಿದವರು ನಮ್ಮ ಮನೆತನದಲ್ಲೇ ಇರಲಿಲ್ಲ. ಅತ್ತೆ ಏನು ಹೇಳಿದಳೋ, ಅವರು ಬಂದರು.

"ಏನವಾ, ಏನಾತು?"

ಸಂಗತಿ ಹೇಳಿದೆ. ಕುರಿಯನ್ನು ಚೀಲದಲ್ಲಿ ತುಂಬುತ್ತೀರಾ ಎಂದು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡರು. ಎಷ್ಟು ಬೇಕು ಎಂದರು. ಇದ್ದಷ್ಟೂ ಎಂದೆ.

"ತರತೀನಿ," ಎಂದು ಫೋನು ಇಟ್ಟರು.

ಮಾನ್ವಿಯಿಂದ ಸಿರವಾರ ದಾಟಿ ಅವರು ಬರುವವರೆಗೆ ನಾವು ಸುಮ್ಮನೆ ಕೂರಲಿಲ್ಲ. ಊರಿನವರು ಮನೆಮನೆಗಳಿಂದ ಇದ್ದಬದ್ದ ಗೋಣಿಗಳನ್ನು, ಹರಿದ ಕೌದಿಗಳನ್ನು ತಂದುಕೊಟ್ಟರು. ಕೌದಿಗಳನ್ನು ದೋಣಿಯ ತಳಕ್ಕೆ ಹಾಸಿದೆವು. ಮೊದಲು ಸಣ್ಣ ಮರಿಗಳು, ಅವುಗಳ ಜೊತೆ ಸೊಸೆ. ಮರಿಗಳು ದಾಟಿದ್ದನ್ನು ಕಂಡ ಮೇಲೆ ಮುದುಕಿಯ ಮುಖದ ಬಿಗಿ ಸ್ವಲ್ಪ ಇಳಿಯಿತು. ಆಕೆಯೇ ಕುರಿಗಳನ್ನು ಒಂದೊಂದಾಗಿ ಕರೆದು ಹಿಡಿದುಕೊಡತೊಡಗಿದಳು. ಮಗ ಕಾಲು ಮಡಚುತ್ತಿದ್ದ, ನಾನು ಚೀಲದ ಬಾಯಿ ಹಿಡಿಯುತ್ತಿದ್ದೆ, ದಳದ ಹುಡುಗರು ಹೊತ್ತು ದೋಣಿಗೆ ಇಳಿಸುತ್ತಿದ್ದರು. ಕುರಿಯ ಉಣ್ಣೆಯಲ್ಲಿನ ಎಣ್ಣೆ, ಹಿಕ್ಕೆ, ಬೆವರು ಎಲ್ಲ ಸೇರಿ ನನ್ನ ಕೈ ಜಾರುತ್ತಿತ್ತು. ಠಾಣಾಧಿಕಾರಿ ನೀರಿನಂಚಿನಲ್ಲಿ ಒಂದು ಗೂಟ ನೆಟ್ಟಿದ್ದರು. ಪ್ರತಿ ಸಲ ಹೋಗಿ ಬಂದಾಗಲೂ ನೀರು ಎಷ್ಟು ಏರಿತೆಂದು ಅದನ್ನು ನೋಡುತ್ತಿದ್ದರು.

ಮಾವನ ಟೆಂಪೋ ಬಂದದ್ದು ನಡುಗಡ್ಡೆಯಿಂದಲೇ ಕಂಡಿತು. ಚೀಲದ ಕಟ್ಟುಗಳು ಮುಂದಿನ ದೋಣಿಯಲ್ಲಿ ಬಂದವು. ಕೊಟ್ಟು ಹೊರಟು ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. ಬಿಳಿ ಧೋತರವನ್ನು ಮೊಣಕಾಲ ಮೇಲೆ ಕಟ್ಟಿ, ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ದಂಡೆಯ ಕೆಸರಿನಲ್ಲಿ ನಿಂತು, ದಾಟಿ ಬಂದ ಒಂದೊಂದು ಚೀಲವನ್ನೂ ಬಿಚ್ಚಿ ಕುರಿಯನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಮೊಟ್ಟೆ ಮಾಂಸ ಮುಟ್ಟದ ಮನುಷ್ಯ, ಕುರಿಯನ್ನು ಅಷ್ಟು ಹತ್ತಿರದಿಂದ ಮುಟ್ಟಿದ್ದು ಅದೇ ಮೊದಲಿರಬೇಕು. ಮೊದಮೊದಲು ದೂರದಿಂದ ಹುರಿ ಎಳೆಯುತ್ತಿದ್ದರಂತೆ. ಆಮೇಲೆ ಅಪ್ಪಿ ಹಿಡಿದು ಎತ್ತುತ್ತಿದ್ದರೆಂದು ಊರಿನವರು ಈಗಲೂ ಹೇಳುತ್ತಾರೆ.

ಹೊತ್ತು ಇಳಿಮುಖವಾದಾಗ ಗೂಟ ಕಾಣದಾಯಿತು. ದೋಣಿ ಆ ಸಲ ಬಂದದ್ದು ಸೊಟ್ಟವಾಗಿ, ತುಂಬ ಕೆಳಗೆ ಕೊಚ್ಚಿಹೋಗಿ, ಮತ್ತೆ ದಂಡೆಗುಂಟ ಮೇಲೆ ಹತ್ತಿ. ಠಾಣಾಧಿಕಾರಿ ಇಳಿದು ನನ್ನ ಹತ್ತಿರ ಬಂದರು.

"ಇನ್ನ ಸಾಕ್ರಿ ಮೇಡಂ. ಇದೇ ಲಾಸ್ಟು. ಈಗ ಮನುಷ್ಯಾರು ಮಾತ್ರ."

ಇನ್ನೂ ಕೆಲವು ಕುರಿಗಳು ಬೇಲಿಯೊಳಗೆ ಉಳಿದಿದ್ದವು. ದೊಡ್ಡವು, ಭಾರದವು, ಅವನ್ನು ಕೊನೆಗೆ ಇಟ್ಟುಕೊಂಡಿದ್ದೆವು. ನಾನು ಮುದುಕಿಯ ಕಡೆ ತಿರುಗಿದೆ. ಹೇಳುವ ಮೊದಲೇ ಆಕೆಗೆ ಗೊತ್ತಾಗಿತ್ತು. ಆಕೆ ನಡೆದುಹೋಗಿ ಬೇಲಿಗೆ ಅಡ್ಡ ಕಟ್ಟಿದ್ದ ಮುಳ್ಳನ್ನು ಬರಿಗೈಯಲ್ಲೇ ಎಳೆದು ಹಾಕಿದಳು, ಅವು ಎಲ್ಲಿಗೆ ಹೋಗಬೇಕೋ ಹೋಗಲಿ ಎಂದು. ಕುರಿಗಳು ಹೊರಗೆ ಬಂದು, ಮುಂದೆ ಹೋಗಲು ದಾರಿ ತಿಳಿಯದೆ, ಆಕೆಯ ಸುತ್ತಲೇ ನಿಂತವು. ಆಕೆ ಬಗ್ಗಿ ನೆಲ ಮುಟ್ಟಿ ಕೈಯನ್ನು ಹಣೆಗೆ ಒತ್ತಿಕೊಂಡಳು. ಆಮೇಲೆ ದೋಣಿ ಹತ್ತಿದಳು.

ದಾಟುವಾಗ ಆಕೆ ನಡುಗಡ್ಡೆಯ ಕಡೆಗೇ ಮುಖ ಮಾಡಿ ಕೂತಿದ್ದಳು. ನಾನು ಆಕೆಯ ಮುಂಗೈ ಹಿಡಿಯಲು ಹೋದೆ. ಮೆಲ್ಲಗೆ ಬಿಡಿಸಿಕೊಂಡಳು.

ಹೊತ್ತು ಮುಳುಗುವ ಮೊದಲೇ ಮೇಲಿನ ನೀರು ಬಂತು. ನಡುಗಡ್ಡೆ ಇದ್ದ ಕಡೆ ಜಾಲಿಗಿಡಗಳ ತುದಿ ಮಾತ್ರ ಉಳಿಯಿತು.

ಶಾಲೆಯನ್ನೇ ಕಾಳಜಿ ಕೇಂದ್ರ ಮಾಡಿದ್ದೆವು. ಅಲ್ಲಿ ಅನ್ನ ಸಾರು ತಯಾರಿತ್ತು, ಜಮಖಾನೆ ಹಾಸಿತ್ತು, ಆಸ್ಪತ್ರೆಯ ನರ್ಸ್ ಬಂದಿದ್ದಳು. ಮನುಷ್ಯರಿಗೆ ಬೇಕಾದ್ದೆಲ್ಲ ಇತ್ತು. ಹಿಂಡು ಶಾಲೆಯ ಗೇಟಿಗೆ ಬಂದು ನಿಂತಾಗ ಮುಖ್ಯಗುರುಗಳು ಕೈ ಅಡ್ಡ ಹಿಡಿದರು. ಒಳ್ಳೆಯ ಮನುಷ್ಯ, ಬೆಳಗಿನಿಂದ ಮಂದಿಗೆಲ್ಲ ನೀರು ಕೊಡುತ್ತ ನಿಂತಿದ್ದವರು. ಆದರೆ ಅಷ್ಟೊಂದು ಕುರಿ ಒಳಗೆ ಬಂದರೆ ಅಲ್ಲಿ ಮಲಗಿರುವ ಮಕ್ಕಳ ಗತಿ ಏನು ಎಂದು ಕೇಳಿದರು. ಕೊನೆಗೆ ಆಟದ ಬಯಲಿನ ಮೂಲೆಯಲ್ಲಿ ಎತ್ತಿನ ಬಂಡಿಗಳನ್ನು ಅಡ್ಡ ನಿಲ್ಲಿಸಿ ಜಾಗ ಮಾಡಿದೆವು. ಮುದುಕಿ ಶಾಲೆಯ ಒಳಗೆ ಕಾಲಿಡಲಿಲ್ಲ. ಊಟದ ತಟ್ಟೆಯನ್ನು ಸೊಸೆ ಅಲ್ಲಿಗೇ ಒಯ್ದಳು. ಮಾವ ಹೊರಡುವ ಮುಂದೆ ನನ್ನ ಹತ್ತಿರ ಬಂದು, ನಾಳೆ ಗಿರಣಿಯಿಂದ ತೌಡು ಕಳಿಸುತ್ತೇನೆ, ಕುರಿ ತಿನ್ನುತ್ತಾವಂತಲ್ಲ ಎಂದರು. ಕಳಿಸಿದರು ಕೂಡ, ಹೊಳೆ ಇಳಿಯುವವರೆಗೆ.

ಪತ್ರಿಕೆಗಳಲ್ಲಿ ಚಿತ್ರ ಬಂತು: ಚೀಲದಿಂದ ತಲೆ ಹೊರಹಾಕಿದ ಕುರಿ, ದೋಣಿ, ಲೈಫ್ ಜಾಕೆಟ್ ತೊಟ್ಟ ನಾನು. ಕಚೇರಿಯಲ್ಲಿ ಎಲ್ಲರೂ ಹೊಗಳಿದರು. ರಾಯಚೂರಿನ ನಮ್ಮ ಓಣಿಯ ಹೆಂಗಸರು ಮನೆಗೆ ಬಂದು ಕೇಳಿ ಹೋದರು. ನನಗೆ ಆ ಹೊಗಳಿಕೆ ಹಿಡಿಸಲಿಲ್ಲ. ದೋಣಿಯಲ್ಲಿ ಬಿಡಿಸಿಕೊಂಡ ಆ ಮುಂಗೈಯೇ ನೆನಪಿಗೆ ಬರುತ್ತಿತ್ತು.

ಹೊಳೆ ಇಳಿದ ಮೇಲಿನ ಕೆಲಸದ ಚಿತ್ರ ಯಾರೂ ತೆಗೆಯುವುದಿಲ್ಲ. ತಗ್ಗಿನ ಓಣಿಯ ಮನೆಗಳಲ್ಲಿ ಮೊಣಕಾಲು ಮಟ್ಟದ ರಾಡಿ. ಅದು ಒಣಗುವ ಮುಂಚೆ ಎತ್ತಬೇಕು, ಒಣಗಿದರೆ ಕಲ್ಲಾಗುತ್ತದೆ. ಒಲೆಯ ಸಂದಿಯಲ್ಲಿ, ಜೋಳ ತುಂಬಿಡುವ ಗುಮ್ಮಿಯ ಹಿಂದೆ ಹಾವು ಸೇರಿಕೊಂಡಿರುತ್ತವೆ. ಬೋರಿನ ನೀರಿಗೆ ಔಷಧ ಹಾಕಬೇಕು. ಕೆಸರಿನಲ್ಲಿ ನಿಂತ ಕುರಿಗಳಿಗೆ ಕಾಲಿನ ಗೊರಸು ಕೊಳೆಯತೊಡಗುತ್ತವೆ, ನೆಗಡಿ ಹತ್ತುತ್ತದೆ. ನಾನು ದೇವದುರ್ಗದ ಪಶುವೈದ್ಯರನ್ನು ಕರೆದುಕೊಂಡು ಮತ್ತೆ ಮತ್ತೆ ಆ ಊರಿಗೆ ಹೋದೆ. ಅವರು ಕುರಿಗಳ ಕಾಲಿಗೆ ಔಷಧ ಹಚ್ಚಿ, ಲಸಿಕೆ ಹಾಕಿದರು. ಆ ಹೆಂಗಸು ಒಂದೊಂದಾಗಿ ಕುರಿ ಹಿಡಿದು ಕೊಡುತ್ತಿದ್ದಳು. ವೈದ್ಯರ ಜೊತೆ ಮಾತಾಡುತ್ತಿದ್ದಳು, ನನ್ನ ಜೊತೆ ಇಲ್ಲ.

ಆಕೆಯ ಮಗ ಒಂದು ಸಲ ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದ. ಅವ್ವಗೆ ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ತಾನೇ ಶುರು ಮಾಡಿದ. ನಡುಗಡ್ಡೆಯಲ್ಲಿ ಬಿಟ್ಟುಬಂದ ಕುರಿಗಳಲ್ಲಿ ಒಂದು ಆಕೆ ಸಾಕಿ ದೊಡ್ಡದು ಮಾಡಿದ್ದಂತೆ. ತಾಯಿ ಸತ್ತ ಮರಿ, ಮನೆಯ ಆಡಿನ ಹಾಲು ಕುಡಿಸಿ ಬದುಕಿಸಿದ್ದಳು. ಅದು ದೊಡ್ಡದಾಗಿತ್ತು, ಭಾರವಿತ್ತು, ಅದಕ್ಕೇ ಕೊನೆಗೆ ಉಳಿಯಿತು. ಇದನ್ನು ಆಕೆ ನನ್ನ ಮುಂದೆ ಎಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ದಿನ ಬಸ್ಸಿನಲ್ಲಿ ಕೂತು ಗಟ್ಟಿಮಾಡಿಕೊಂಡೆ: ಮುಂದಿನ ಮಳೆಗಾಲದ ಹೊತ್ತಿಗೆ ಈ ಊರಿನಲ್ಲಿ, ಬನ್ನಿ ಎಂದರೆ ಎಲ್ಲಿಗೆ ಎಂದು ಕೇಳುವ ಪರಿಸ್ಥಿತಿ ಇರಬಾರದು. ಮನುಷ್ಯರಿಗೆ ಶಾಲೆ ಇದ್ದ ಹಾಗೆ ಕುರಿಗೂ ದನಕ್ಕೂ ಒಂದು ಜಾಗ ಬೇಕು. ಎತ್ತರದಲ್ಲಿರಬೇಕು, ಮೇವು ನೀರು ಇರಬೇಕು, ಹಿಂಡು ಹೊಡೆದುಕೊಂಡು ಹೋಗಲು ದಾರಿ ಇರಬೇಕು.

ಹೇಳುವುದು ಸುಲಭ. ಊರಿನ ಹೊರಗೆ, ದೇವದುರ್ಗದ ರಸ್ತೆಗೆ ಹತ್ತಿಕೊಂಡು ಒಂದು ದಿಬ್ಬವಿತ್ತು. ಸರ್ಕಾರಿ ಗಾಯರಾಣ, ಅಂದರೆ ದನಕರು ಮೇಯಲು ಬಿಟ್ಟ ಜಮೀನು. ಎಷ್ಟೇ ಹೊಳೆ ಬಂದರೂ ಅಲ್ಲಿಗೆ ನೀರು ಹತ್ತುವುದಿಲ್ಲ. ಆದರೆ ಅದರ ಸುತ್ತ ಒಬ್ಬ ರೈತ ಹಲವು ವರ್ಷಗಳಿಂದ ಒತ್ತುವರಿ ಮಾಡಿ ಸಜ್ಜೆ ಬಿತ್ತುತ್ತ ಬಂದಿದ್ದ, ಹಿಂಡು ಹತ್ತುವ ದಾರಿ ಅವನ ಬೆಳೆಯ ನಡುವೆಯೇ ಹೋಗಬೇಕಿತ್ತು. ತಹಶೀಲ್ದಾರರು ಒಳ್ಳೆಯವರು, ತೆರವು ಮಾಡಿಸುತ್ತೇನೆ ಎಂದರು. ನಾನು ಬೇಡ ಎಂದೆ. ಊರಿನಲ್ಲಿ ಜಗಳ ಇಟ್ಟುಕೊಂಡು ಕಟ್ಟಿದ ತಗಡಿನ ಶೆಡ್ಡು ಹೊಳೆ ಬಂದಾಗ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಕಚೇರಿಯಲ್ಲಿ ಕೆಲವರಿಗೆ ಬೇಸರವಾಯಿತು. ಮನುಷ್ಯರಿಗೇ ಸಾಕಷ್ಟು ಜಾಗವಿಲ್ಲ, ಕುರಿಗೆ ಯಾಕೆ ಇಷ್ಟು ರಗಳೆ ಎಂದರು. ನಾನು ಒಂದೊಂದು ಸಭೆಯಲ್ಲೂ ಅದನ್ನೇ ಎತ್ತಿದೆ. ನಾನು ಬಾಗಿಲಲ್ಲಿ ಕಂಡರೆ "ಕುರಿ ಮೇಡಂ ಬಂದ್ರು" ಎನ್ನತೊಡಗಿದರು. ಅನ್ನಲಿ ಎಂದು ಬಿಟ್ಟೆ.

ಬೇಸಿಗೆಯಲ್ಲಿ ಊರಿನವರ ಸಭೆ ಕರೆದೆವು. ಶಾಲೆಯಲ್ಲಿ ಅಲ್ಲ, ಕುರಿಹಟ್ಟಿಯ ಮುಂದಿನ ಬೇವಿನ ನೆರಳಿನಲ್ಲಿ. ಸಜ್ಜೆ ಬಿತ್ತುವ ರೈತನೂ ಬಂದು ಕೈಕಟ್ಟಿ ನಿಂತಿದ್ದ. ಹೊಳೆ ಬರುವುದು ಯಾವಾಗಲೋ ಒಮ್ಮೆ, ಅದಕ್ಕಾಗಿ ತಾನು ಕಲ್ಲು ಆರಿಸಿ ಹಸನು ಮಾಡಿದ ನೆಲ ಯಾಕೆ ಬಿಡಬೇಕು ಎಂದು ಕೇಳಿದ. ಕೆಲವರು ಅವನ ಪರ, ಕೆಲವರು ಕುರಿಗಾರರ ಪರ. ದನಿಗಳು ಏರಿದವು. ನಾನು ನಡುವೆ ನಿಂತು ಏನು ಹೇಳಿದರೂ ಅದು ಸರ್ಕಾರದ ಮಾತಾಗುತ್ತಿತ್ತು.

ಅಷ್ಟು ಹೊತ್ತು ಹಿಂದೆ ಕೂತಿದ್ದ ಆ ಹೆಂಗಸು ಎದ್ದಳು.

"ಮುಳ್ಳಬೇಲಿ ಹಾಕಿ ಕುರಿ ಎಲ್ಲ್ಯಾರ ನಿಲ್ಲಸಬೇಕಲ್ಲಪಾ ನಾವು. ಬ್ಯಾಸಗ್ಯಾಗ ನಿನ್ನ ಕೆಳಗಿನ ಹೊಲದಾಗ ನಿಲ್ಲಸ್ತೀವಿ. ಗೊಬ್ಬರ ನಿನಗ. ಮ್ಯಾಲಿಂದು ನಮಗ ದಾರಿ ಬಿಡು."

ನಮ್ಮ ಕಡೆ ಹೊಲದಲ್ಲಿ ಹಿಂಡು ನಿಲ್ಲಿಸಿದರೆ ಆ ಹೊಲದ ಅದೃಷ್ಟವೇ ಬೇರೆ. ಹಿಕ್ಕೆ, ಗಂಜಲ ಬಿದ್ದ ನೆಲಕ್ಕೆ ಬೇರೆ ಗೊಬ್ಬರ ಬೇಡ. ಅದಕ್ಕಾಗಿ ರೈತರು ಕುರಿಗಾರರನ್ನು ಹುಡುಕಿಕೊಂಡು ಹೋಗುತ್ತಾರೆ. ರೈತ ಒಮ್ಮೆಲೆ ಒಪ್ಪಲಿಲ್ಲ. ಹೆಂಡತಿಯನ್ನು ಕೇಳಬೇಕು ಎಂದ. ಮಂದಿ ನಕ್ಕರು, ಅವನೂ ನಕ್ಕ. ಒಂದು ವಾರದ ಮೇಲೆ ದಾರಿಗೆ ತಾನೇ ಕಲ್ಲು ಇಟ್ಟು ಗುರುತು ಮಾಡಿದ. ಆಕೆ ಆ ಸಭೆಯಲ್ಲಿ ಮಾತಾಡಿದ್ದು ರೈತನ ಜೊತೆ. ಕೂರುವ ಮುಂದೆ ಮಾತ್ರ ನನ್ನ ಕಡೆ ನೋಡಿ, ಬಿಸಿಲಾಗ ನಿಂತೀದಿ, ನೆಳ್ಳಿಗಿ ಬಾ ಎಂದಳು. ಏಕವಚನದಲ್ಲಿ ಕರೆದಿದ್ದಳು. ಅಷ್ಟು ದಿನದ ಮೇಲೆ ನನಗೆ ಅದು ಸಾಕಾಗಿತ್ತು.

ದಿಬ್ಬದ ಮೇಲೆ ತಗಡಿನ ಮಾಡು ಎದ್ದಿತು. ಸಿಮೆಂಟಿನ ನೀರಿನ ತೊಟ್ಟಿ ಕಟ್ಟಿಸಿದೆವು. ಮಾವ ಮಾನ್ವಿಯ ಬೇರೆ ಗಿರಣಿಯವರ ಹತ್ತಿರವೂ ಮಾತಾಡಿ, ಹೊಳೆ ಬಂದಾಗ ತೌಡು, ಹುಲ್ಲು ಕಳಿಸಲು ಒಪ್ಪಿಸಿದರು. ಮಳೆಗಾಲಕ್ಕೆ ಮೊದಲು ಅಣಕು ಕಾರ್ಯಾಚರಣೆ ಮಾಡುವುದು ನಮ್ಮ ರೂಢಿ. ಸಾಮಾನ್ಯವಾಗಿ ಕೆಲವರನ್ನು ದೋಣಿಯಲ್ಲಿ ಕೂರಿಸಿ, ಚಿತ್ರ ತೆಗೆಸಿ ಮುಗಿಸುತ್ತಾರೆ. ಈ ಸಲ ನಿಜವಾದ ಹಿಂಡನ್ನೇ ನಡೆಸಬೇಕು ಎಂದು ಪಟ್ಟು ಹಿಡಿದೆ. ಮೊದಲ ಪ್ರಯತ್ನ ಕೆಟ್ಟಿತು. ರಸ್ತೆ ದಾಟುವಾಗ ಲಾರಿಯ ಹಾರ್ನಿಗೆ ಕುರಿ ಚದುರಿ, ಅರ್ಧ ಹಿಂಡು ಹತ್ತಿಯ ಹೊಲಕ್ಕೆ ನುಗ್ಗಿತು. ಬಂದಿದ್ದ ಅಧಿಕಾರಿಗಳು ನಗು ತಡೆಯಲಾರದೆ ಬೇರೆ ಕಡೆ ಮುಖ ಮಾಡಿದರು. ಎರಡನೇ ಸಲ ರಸ್ತೆಯ ಎರಡೂ ಕಡೆ ಪೊಲೀಸರನ್ನು ನಿಲ್ಲಿಸಿ ವಾಹನ ತಡೆದೆವು. ಹಿಂಡು ಶಿಸ್ತಾಗಿ ದಿಬ್ಬ ಹತ್ತಿತು. ಕೆಡುವುದೆಲ್ಲ ಬೇಸಿಗೆಯಲ್ಲೇ ಕೆಡಬೇಕು. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪಾಠವನ್ನು ನಾನು ಕಲಿತಿಲ್ಲ.

ಮುಂದಿನ ಶ್ರಾವಣದಲ್ಲಿ ಹೊಳೆ ಮತ್ತೆ ಬಂತು, ಹಿಂದಿನ ವರ್ಷಕ್ಕಿಂತ ಜೋರಾಗಿ. ಆ ದಿನ ನಾನು ರಾಯಚೂರಿನ ಕಂಟ್ರೋಲ್ ರೂಮಿನಲ್ಲೇ ಇರಬೇಕಾಯಿತು. ಕೃಷ್ಣೆ, ತುಂಗಭದ್ರೆ ಎರಡೂ ಕಡೆ ನೀರು ಬಿಟ್ಟಿದ್ದರು. ಒಂದು ಕಡೆ ಸೇತುವೆಯ ಮೇಲೆ ನೀರು ಹರಿಯುತ್ತಿದೆ, ಬಸ್ಸು ನಿಲ್ಲಿಸಿ ಎಂದು ಹೇಳಬೇಕು; ಇನ್ನೊಂದು ಕಡೆ ತುಂಬು ಬಸುರಿಯನ್ನು ಮೊದಲೇ ಆಸ್ಪತ್ರೆಗೆ ಸಾಗಿಸಬೇಕು. ಫೋನುಗಳ ನಡುವೆ ನನ್ನ ಮನಸ್ಸು ಆ ದಿಬ್ಬದ ಕಡೆಗೇ ಹೋಗುತ್ತಿತ್ತು. ನಾನಾಗಿಯೇ ಫೋನು ಮಾಡಬಾರದು, ಅಲ್ಲಿಯವರು ಕೆಲಸದಲ್ಲಿರುತ್ತಾರೆ ಎಂದು ತಡೆದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಆಕೆಯ ಮಗನ ನಂಬರಿನಿಂದ ಫೋನು ಬಂತು. ಮಾತಾಡಿದ್ದು ಆಕೆ.

"ಎಲ್ಲಾವೂ ಮ್ಯಾಲ ಬಂದಾವ ನೋಡವಾ. ಒಂದೂ ಕೆಳಗ ಉಳಿದಿಲ್ಲ. ಬಿಸಿಲದ, ತಗಡು ಕಾಯಾಕತ್ತದ. ಮ್ಯಾಲ ಹುಲ್ಲು ಹೊದಸಬೇಕಿತ್ತು."

ಸರಿ, ಹೊದಿಸೋಣ ಎಂದೆ. ಇನ್ನೇನೋ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಪಕ್ಕದ ಫೋನು ಹೊಡೆದುಕೊಂಡಿತು. ಆಕೆಯೂ ಇಟ್ಟುಬಿಟ್ಟಳು. ಆ ಸಲ ಹೊಳೆ ಇಳಿದ ಮೇಲೆ ಆ ಊರಿನಲ್ಲಿ ರಾಡಿ ಎತ್ತುವ ಕೆಲಸ ಇತ್ತು, ಬಿದ್ದ ಗೋಡೆಗಳಿದ್ದವು, ಕೆಟ್ಟ ಹತ್ತಿ ಬೆಳೆಯೂ ಇತ್ತು. ಕಳೆದುಹೋದ ಜೀವ ಮಾತ್ರ ಒಂದೂ ಇರಲಿಲ್ಲ. ಮರುವಾರ ಹೋಗಿ ತಗಡಿನ ಮೇಲೆ ಹುಲ್ಲು ಹೊದಿಸಿದೆವು.

ಈಗ ನಾನು ತುಂಗಭದ್ರೆಯ ದಂಡೆಗೆ ಹೆಚ್ಚು ಹೋಗುತ್ತಿದ್ದೇನೆ, ಮಾನ್ವಿ ತಾಲೂಕಿನ ಚೀಕಲಪರ್ವಿಯ ಕಡೆಗೆ. ಅಲ್ಲಿನ ತೊಂದರೆ ಬೇರೆ. ರೈತರು ಹೊಳೆಯಂಚಿನಲ್ಲಿ ಭತ್ತಕ್ಕೆ ನೀರೆತ್ತುವ ಮೋಟಾರುಗಳನ್ನು ಇಟ್ಟಿರುತ್ತಾರೆ. ನೀರು ಏರುತ್ತಿದೆ ಎಂದು ತಿಳಿದ ಕೂಡಲೇ ಮೋಟಾರು ಬಿಚ್ಚಿ ತರಲು ಎಲ್ಲರೂ ಹೊಳೆಗೆ ಇಳಿಯುತ್ತಾರೆ. ಇಳಿಯಬೇಡಿ ಎಂದು ಮೈಕಿನಲ್ಲಿ ಎಷ್ಟು ಕೂಗಿದರೂ ಇಳಿಯುತ್ತಾರೆ.

ಮೊನ್ನೆ ಅಲ್ಲಿ ಒಬ್ಬ ರೈತನ ಮನೆಗೆ ಹೋಗಿದ್ದೆ. ಹಾಗೆ ಇಳಿದವರಲ್ಲಿ ಅವನ ತಮ್ಮ ಹಿಂದಿರುಗಿರಲಿಲ್ಲ. ಅಂಗಳದಲ್ಲಿ ಹೊರಸು ಹಾಕಿ ಕೂರಿಸಿದ. ಇಳಿಯಬೇಡಿ ಎಂದು ಹೇಳಲು ನಾನು ಬಂದಿಲ್ಲ ಎಂದೆ. ದಂಡೆಯ ಮೇಲೆ ಮೂರು ಕಾಲಿನ ಕಬ್ಬಿಣದ ಕಂಬ ನೆಟ್ಟು, ಚೈನ್ ಪುಲ್ಲಿ ಹಾಕಿ, ಯಾರೂ ನೀರಿಗೆ ಇಳಿಯದೆ ಮೋಟಾರನ್ನು ಮೇಲಿನಿಂದಲೇ ಎತ್ತಲು ಬರುತ್ತದೆಯೋ ನೋಡಬೇಕು. ಮೊದಲು ಒಂದು ಕಡೆ ಮಾಡಿ ನೋಡೋಣ ಎಂದೆ. ಅವನು ಒಳಗಿನಿಂದ ಟವೆಲು ತಂದು ಹೆಗಲ ಮೇಲೆ ಹಾಕಿಕೊಂಡ.

"ನಮ್ಮ ಮೋಟಾರಿನ ಜಾಗದಾಗ ಮಣ್ಣು ಮೆತ್ತಗದರಿ. ಕಂಬ ನಿಲ್ಲತದೋ ಇಲ್ಲೋ. ಬರ್ರಿ, ನೋಡ್ರಿ."

ಅವನು ಮುಂದೆ ನಡೆದ, ನಾನು ಹಿಂದೆ. ಭತ್ತದ ಗದ್ದೆಯ ಬದುವಿನ ಮೇಲೆ ಹೋಗಿ ದಂಡೆ ಇಳಿದೆವು. ಅವನು ಕೋಲಿನಿಂದ ಮಣ್ಣು ಚುಚ್ಚಿ ನೋಡುತ್ತ, ಇಲ್ಲಿ ಬೇಡ, ಇನ್ನಷ್ಟು ಮೇಲೆ ಎಂದು ಹೇಳುತ್ತಿದ್ದ. ಅವನು ತೋರಿಸಿದ ಕಡೆ ಕಲ್ಲು ಇಟ್ಟು ಗುರುತು ಮಾಡುತ್ತ ಹೋದೆ.